ಬಿಚ್ಚಬಾರದ ಪೆಟ್ಟಿಗೆಯ ನೇರಪ್ರಸಾರ

ಕಾಜೆಮಿ ಊರಿನ ಹಾಸಿಗೆ ಅಂಗಡಿಯ ಕುಸಾಕಾ ಜೀವಮಾನದಲ್ಲಿ ಒಂದೇ ಒಂದು ಸಲ ಮೈಕಿನ ಮುಂದೆ ಸುಳ್ಳು ಹೇಳಿದ. ಅಭ್ಯಾಸ ಇರುವವರಿಗೆ ಸುಳ್ಳನ್ನು ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ನಾಳೆ ಅದನ್ನು ಯಾರ ತಲೆಗೆ ಕಟ್ಟಬೇಕು ಎಂದೆಲ್ಲ ಗೊತ್ತಿರುತ್ತದೆ. ಅಂಥವರನ್ನು ನಾವು ಓಟು ಹಾಕಿ ನಗರಸಭೆಗೆ ಕಳಿಸಿ, ಅವರು ಕಾರಿನಲ್ಲಿ ಹೋಗುವಾಗ ತಲೆ ಬಾಗಿಸುತ್ತೇವೆ. ಕುಸಾಕಾನಿಗೆ ಆ ಯೋಗ್ಯತೆ ಇರಲಿಲ್ಲ. ಪಾಪ, ಹಾಸಿಗೆ ಮಾರುವವನು.

ತಪ್ಪು ಅವನದೊಬ್ಬನದೇ ಅಲ್ಲ, ಪಕ್ಕದ ಒಣಮೀನಿನಂಗಡಿಯ ತಾರುಮಿಯದೂ ಇತ್ತು. ಅವತ್ತು ಊರಿನ ಎಫ್‌ಎಂ ರೇಡಿಯೊದ ಯುಬಾರಾ ಎಂಬ ಹುಡುಗಿ ಮೈಕು ಹಿಡಿದು ಬಂದರಿನ ಬೀದಿಯ ಅಂಗಡಿ ಅಂಗಡಿಗೂ ನುಗ್ಗುತ್ತಿದ್ದಳು. ಆ ರೇಡಿಯೊದವರು ಗುರುವಾರ ಸಂಜೆ ಊರಿನ ಯಾವುದಾದರೊಂದು ಸೇವಾ ಸಂಘದ ಜಾಗಕ್ಕೇ ಹೋಗಿ ಅಲ್ಲಿಂದ ನೇರಪ್ರಸಾರ ಮಾಡುತ್ತಾರೆ. ಬೀದಿ ಬೆಕ್ಕು ಸಾಕುವವರದು ಆಯಿತು, ಕಣ್ಣು ಕಾಣದವರಿಗೆ ಪೇಪರು ಓದಿ ಹೇಳುವವರದು ಆಯಿತು. ಈ ಸಲ ಬಿಸಿಯೂಟ ಬಳಗದ ಸರದಿ. ಗುಡ್ಡದ ಮೇಲೆ ಒಂಟಿಯಾಗಿರುವ ಮುದುಕ ಮುದುಕಿಯರಿಗೆ ಸಂಜೆ ಊಟ ಮುಟ್ಟಿಸುವವರು ಇವರು. ಅವರ ವ್ಯಾನು ಹಿಂದಿನ ತಿಂಗಳು ಗುಡ್ಡದ ತಿರುವಿನಲ್ಲಿ ದೊಡ್ಡದಾಗಿ ಕೆಮ್ಮಿ ಪ್ರಾಣ ಬಿಟ್ಟಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಮತ್ತೆ ಮುಚ್ಚಿ, ಸತ್ತವರಿಗೆ ಮಾಡುವ ಹಾಗೆ ಕೈಮುಗಿದಿದ್ದ. ಈಗ ಬಳಗದ ಹೆಂಗಸರು ಊಟದ ಡಬ್ಬಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುತ್ತಿದ್ದರು. ಇನ್ನು ಹಿಮ ಬೀಳತೊಡಗಿದರೆ ಅದೂ ಇಲ್ಲ, ಮುದುಕರಿಗೆ ಊಟವೂ ಇಲ್ಲ. ಅದಕ್ಕೇ ಗುರುವಾರ ರೇಡಿಯೊದಲ್ಲಿ ಹರಾಜು. ಊರವರು ಕೊಟ್ಟ ವಸ್ತುಗಳನ್ನು ಫೋನಿನಲ್ಲೇ ಕೂಗಿ ಕೊಳ್ಳಬೇಕು, ಬಂದ ದುಡ್ಡಿನಲ್ಲಿ ಹೊಸ ವ್ಯಾನು.

ಆ ವ್ಯಾನಿನ ಡ್ರೈವರು ಕುಸಾಕಾನ ಹೆಂಡತಿ ಸುಮಿಯೆ.

ಯುಬಾರಾ ಮೊದಲು ತಾರುಮಿಯ ಅಂಗಡಿಗೆ ಹೊಕ್ಕಳು. ಕುಸಾಕಾ ತನ್ನ ಅಂಗಡಿಯಲ್ಲಿ ಕೂತು ರೇಡಿಯೊದಲ್ಲೂ ಗೋಡೆಯ ಮೂಲಕವೂ ಎರಡೆರಡು ಸಲ ಕೇಳಿಸಿಕೊಂಡ.

"ನಮ್ಮಪ್ಪ ಹಿಡಿದ ಕತ್ತಿಮೀನಿನ ಮೂತಿ ಇದು ತಾಯಿ! ಒಣಗಿಸಿ, ಎಣ್ಣೆ ಹಚ್ಚಿ ಇಟ್ಟಿದೀವಿ. ಕೊಟ್ಬಿಟ್ಟೆ, ತಗೊಳ್ಳಿ! ಪಕ್ಕದ ಹಾಸಿಗೆಯವ್ನು ಏನ್ ಕೊಡ್ತಾನೆ ಕೇಳಿ. ಎರಡು ದಿಂಬು ಕೊಡ್ತಾನೆ. ಅದೂ ಕಿಟಕೀಲಿ ಬಿಸಿಲಿಗೆ ಬಣ್ಣ ಹೋಗಿರೋದು!"

ಕುಸಾಕಾ ಕೊಡಬೇಕೆಂದಿದ್ದದ್ದು ಎರಡು ದಿಂಬನ್ನೇ. ಅದೂ ಕಿಟಕಿಯದ್ದೇ. ಅವನು ಆ ದಿಂಬುಗಳನ್ನು ಕಾಲಿನಿಂದ ಮೇಜಿನಡಿಗೆ ತಳ್ಳುವಷ್ಟರಲ್ಲಿ ಯುಬಾರಾ ಒಳಗೆ ಬಂದು ಮೈಕನ್ನು ಅವನ ಮೂಗಿಗೆ ತಾಗಿಸಿದಳು.

"ಕುಸಾಕಾ ಅವ್ರೇ! ಇಡೀ ಊರು ಕೇಳ್ತಿದೆ. ನಿಮ್ಮ ಮನೆಯವರೇ ಓಡಿಸೋ ವ್ಯಾನು. ನೀವೇನು ಕೊಡ್ತಿದೀರಿ?"

"ನಮ್ಮ ಮನೇಲಿ..." ಎಂದ ಕುಸಾಕಾ. ಬಾಯಿ ಮುಂದಕ್ಕೆ ಹೋಯಿತು, ತಲೆ ಹಿಂದೆ ಉಳಿಯಿತು. "ನಮ್ಮ ಮನೇಲಿ ಒಂದು ಪೆಟ್ಟಿಗೆ ಇದೆ. ತಾತನ ಕಾಲದ್ದು."

"ಆಹಾ! ಒಳಗೇನಿದೆ?"

"ಗೊತ್ತಿಲ್ಲ. ನಾವು ಅದನ್ನ ಬಿಚ್ಚಲ್ಲ."

"ಯಾಕೆ?"

"ತಾತ ಬಿಚ್ಚಲಿಲ್ಲ. ಅಪ್ಪ ಬಿಚ್ಚಲಿಲ್ಲ. ನಾನ್ಯಾವೋನು ಬಿಚ್ಚೋಕೆ?"

ಗೋಡೆಯಾಚೆ ತಾರುಮಿಯ ಸದ್ದು ಅಡಗಿತು. ಆ ಸುಖ ಕುಸಾಕಾನಿಗೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಮರು ಉಸಿರಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಗಾಬರಿಯಲ್ಲಿ ಎಲ್ಲವನ್ನೂ ವಾಪಸು ಎಳೆದುಕೊಳ್ಳಲು ನೋಡಿದ. "ಅಯ್ಯೋ, ಅಂಥದ್ದೇನಿಲ್ಲ ಬಿಡಿ. ಕೆಲಸಕ್ಕೆ ಬಾರದ್ದು."

ಅಲ್ಲಿಗೆ ಮುಗಿಯಿತು. ಈ ಊರಿನಲ್ಲಿ ಬಂಗಾರದ ಬಟ್ಟಲು ಕೊಡುವವನೂ 'ಕೆಲಸಕ್ಕೆ ಬಾರದ್ದು, ದಯವಿಟ್ಟು ತಗೊಳ್ಳಿ' ಎಂದು ಬಗ್ಗಿ ಕೊಡುತ್ತಾನೆ. ಹೆಣ್ಣು ಕೊಡುವ ಅಪ್ಪ ಮಗಳನ್ನೂ ಹಾಗೇ ಹೇಳಿ ಕೊಡುತ್ತಾನೆ. ಕೊಡುವವನು ಎಷ್ಟು ಹೀಗಳೆಯುತ್ತಾನೋ ವಸ್ತು ಅಷ್ಟು ಮೇಲೇರುತ್ತದೆ. ಯುಬಾರಾಳ ದನಿ ಗದ್ಗದವಾಯಿತು. "ಕೇಳಿದ್ರಾ ಕೇಳುಗರೇ? ತಲೆಮಾರುಗಳ ಪೆಟ್ಟಿಗೆ. ಅದನ್ನ ಕೊಡ್ತಾ 'ಕೆಲಸಕ್ಕೆ ಬಾರದ್ದು' ಅಂತಿದಾರೆ!"

"ನಿಜವಾಗ್ಲೂ ಬಾರದ್ದು!" ಎಂದ ಕುಸಾಕಾ.

ಬೆಲೆ ಇನ್ನಷ್ಟು ಏರಿತು.

ಸಂಜೆ ಸುಮಿಯೆ ಮನೆಗೆ ಬಂದಾಗ ಅವಳ ಕಣ್ಣು ಕೆಂಪಗಾಗಿತ್ತು. ಕುಸಾಕಾ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಎದುರಿಗೆ ಮಂಡಿಯೂರಿ ಕೂತು ಹಣೆ ಚಾಪೆಗೆ ತಾಗುವ ಹಾಗೆ ಬಗ್ಗಿದಳು. ಮದುವೆಯ ದಿನ ಬಿಟ್ಟರೆ ಅವಳು ಅವನಿಗೆ ಹಾಗೆ ಬಗ್ಗಿದ್ದಿಲ್ಲ.

"ರೀ, ಅಂಥ ಪೆಟ್ಟಿಗೆ ಇದೆ ಅಂತ ನನಗೂ ಹೇಳಲಿಲ್ವಲ್ಲ ನೀವು!"

"ಅದೇ ಹೇಳೋಣ ಅಂತಿದ್ದೆ. ಆ ಪೆಟ್ಟಿಗೆ..."

"ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ ಇಷ್ಟು ವರ್ಷ. ಜಿಪುಣ ಅಂತ. ಪುಕ್ಕಲ ಅಂತ. ಗೊರಕೆ ಬಿಟ್ರೆ ಬೇರೆ ಸದ್ದು ಮಾಡದ ಗಂಡಸು ಅಂತ."

"ಸುಮಿಯೆ, ಸ್ವಲ್ಪ ಕೇಳು. ಪೆಟ್ಟಿಗೆ ಕಸ."

"ನೋಡಿ, ನನ್ನ ಹತ್ರಾನೂ ಹಾಗೇ ಹೇಳ್ತೀರಿ!" ಎಂದು ಅವಳು ಮತ್ತೆ ಕಣ್ಣೊರೆಸಿಕೊಂಡಳು. "ಡಬ್ಬಿ ಮೀನಿನ ಕಾರ್ಖಾನೆಯವರು ಅರ್ಧ ವ್ಯಾನಿನ ದುಡ್ಡು ಕೊಡ್ತೀವಿ ಅಂದಿದ್ರಲ್ಲ, ಮಧ್ಯಾಹ್ನ ಫೋನ್ ಮಾಡಿದ್ರು. ಕುಸಾಕಾ ಅವರ ಪೆಟ್ಟಿಗೆ ಬರ್ತಿರುವಾಗ ನಮ್ಮ ಪುಡಿಗಾಸು ಕೊಟ್ಟು ಅವರಿಗೆ ಅವಮಾನ ಮಾಡಲ್ಲ ಅಂದ್ರು. ಹೆಂಚಿನ ಅಂಗಡಿಯವರೂ ಹಾಗೇ ಅಂದ್ರು. ತಾರುಮಿ ಮೀನಿನ ಮೂತಿ ವಾಪಸ್ ತಗೊಂಡ."

"ಹಾಗಾದ್ರೆ ಹರಾಜಿಗೆ ಇನ್ನೇನಿದೆ?"

"ನಿಮ್ಮ ಪೆಟ್ಟಿಗೆ ಇದೆಯಲ್ಲ!" ಎಂದಳು ಸುಮಿಯೆ ಹೂವಿನ ಹಾಗೆ ನಗುತ್ತ.

ಕುಸಾಕಾ ಆ ಸಂಜೆ ಮಿಸೊ ಸಾರಿನ ಬಟ್ಟಲೆಂದುಕೊಂಡು ಚಹಾದ ಬಟ್ಟಲಿಗೆ ಮೂಲಂಗಿ ಉಪ್ಪಿನಕಾಯಿ ಅದ್ದಿ ತಿಂದ. ಹೆಂಡತಿ ಅದನ್ನೂ ದೊಡ್ಡಮನುಷ್ಯರ ಲಕ್ಷಣವೆಂದು ತಿಳಿದಳು.

ಮಾರನೆಯ ದಿನ ಬೀದಿ ಸಂಘದ ಅಧ್ಯಕ್ಷ ಹಗಿವಾರಾ ಬಂದ. ಈ ಮನುಷ್ಯ ಎಲ್ಲಿ ಫೋಟೊ ತೆಗೆಯುತ್ತಾರೋ ಅಲ್ಲಿ ನಡುವಿನಲ್ಲಿರುತ್ತಾನೆ. ಬೆಂಕಿ ಬಿದ್ದ ಮನೆಯ ಮುಂದೆ ತೆಗೆದ ಫೋಟೊದಲ್ಲೂ ನಡುವಿನಲ್ಲಿದ್ದ. ಅವನ ಹಿಂದೆ ನಗರಸಭೆಯ ಸಂಸ್ಕೃತಿ ವಿಭಾಗದ ಸೊನೊಬೆ ಬಿಳಿ ಕೈಗವಸು ಹಾಕಿಕೊಂಡು ನಿಂತಿದ್ದ. ಹಳೆಯ ಸಾಮಾನು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈತ ಬಿಳಿ ಕೈಗವಸು ಹಾಕಿಕೊಂಡೇ ಮನೆಯಿಂದ ಹೊರಡುತ್ತಾನೆ. ತುತ್ತು ತಿನ್ನುವಾಗ ಮಾತ್ರ ತೆಗೆಯುತ್ತಾನಂತೆ.

"ಕುಸಾಕಾ, ನಮ್ಮ ಬೀದಿಯ ಮರ್ಯಾದೆ ಉಳಿಸ್ದೆ ಕಣಯ್ಯ!" ಎಂದ ಹಗಿವಾರಾ. "ಗುರುವಾರ ರೇಡಿಯೊದಲ್ಲಿ ನಿನ್ನ ಪರಿಚಯ ಭಾಷಣ ನಾನೇ ಮಾಡ್ತೀನಿ. ಬರೆದೂ ಆಯ್ತು. ನಿಮ್ಮ ತಾತನ ಹೆಸರೇನು?"

"ತಾತಾನಾ? ಅಧ್ಯಕ್ಷರೇ, ಆ ವಿಷಯ ಏನಂದ್ರೆ, ಪೆಟ್ಟಿಗೆ ಬಿಟ್ಬಿಡೋಣ. ಅದು ಏನಕ್ಕೂ ಆಗಲ್ಲ. ನಾಚಿಕೆಗೇಡು."

ಸೊನೊಬೆ ಹಗಿವಾರಾನ ಕಿವಿಯಲ್ಲಿ ಪಿಸುಗುಟ್ಟಿದ. "ನಾಚಿಕೆಗೇಡು ಅಂದ್ರು ನೋಡಿ. ಬರೀ ಕೆಲಸಕ್ಕೆ ಬಾರದ್ದು ಅಂದಿದ್ರೆ ಒಂದು ನೂರು ವರ್ಷ ಹಳೇದು ಅಂತಿದ್ದೆ. ನಾಚಿಕೆಗೇಡು ಅಂದಮೇಲೆ ಇನ್ನೂ ಹಿಂದಕ್ಕೆ ಹೋಗುತ್ತೆ."

"ಸ್ವಾಮೀ, ನಾನು ಮರ್ಯಾದೆಗೆ ಹೇಳ್ತಿಲ್ಲ! ನಿಜ ಹೇಳ್ತಿದೀನಿ!" ಎಂದು ಕುಸಾಕಾ ಕೂಗಿದ. "ಮನೇಲಿ ಪೆಟ್ಟಿಗೇನೂ ಇಲ್ಲ, ಮಣ್ಣೂ ಇಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ಸೊಂಟದ ತನಕ ಬಗ್ಗಿದರು.

"ಕಳ್ಳರ ಭಯಕ್ಕೆ ಹೀಗಂತಾರೆ. ಸರಿಯಾದ ಕ್ರಮ," ಎಂದ ಸೊನೊಬೆ ಹೊರಗೆ ಹೋಗುತ್ತ. "ಬೀದಿ ತುದೀಲಿ ಒಬ್ಬ ಪೊಲೀಸನ್ನ ನಿಲ್ಲಿಸೋಕೆ ಹೇಳ್ತೀನಿ."

ಹೇಳಿದ ಹಾಗೆ ನಿಲ್ಲಿಸಿಯೂ ಬಿಟ್ಟ. ಇಷ್ಟು ದಿನ ಗುಡ್ಡದ ಮುದುಕರಿಗೆ ಒಂದು ವ್ಯಾನು ಕೊಡಿ ಎಂದರೆ ವಿಚಾರ ಮಾಡುತ್ತೇವೆ ಎನ್ನುತ್ತಿದ್ದ ನಗರಸಭೆ, ಇಲ್ಲದ ಪೆಟ್ಟಿಗೆಗೆ ಕಾವಲು ಕೊಟ್ಟಿತು. ಅಂಗಡಿಗೆ ಬಂದ ಗಿರಾಕಿಗಳು ಪೊಲೀಸನನ್ನು ನೋಡಿ ಹಾಸಿಗೆಯೂ ಬೇಡ ಏನೂ ಬೇಡ ಎಂದು ತಿರುಗಿ ಹೋದರು.

ಗುರುವಾರ ಮಧ್ಯಾಹ್ನ ಸುಮಿಯೆ ಅಡುಗೆಗೆಂದು ಬಳಗಕ್ಕೆ ಹೋದ ಮೇಲೆ ಕುಸಾಕಾ ಗೋಡೆ ಬೀರು ತೆಗೆದ. ಕಾಜೆಮಿಯಲ್ಲಿ ಯಾವ ಮನೆಯ ಗೋಡೆ ಬೀರು ತೆಗೆದರೂ ಕಾಣುವುದು ಅದೇ. ಮದುವೆಯಲ್ಲಿ ಕೊಟ್ಟದ್ದು, ಸಾವಿನ ಮನೆಯಲ್ಲಿ ಕೊಟ್ಟದ್ದು, ವರ್ಷದ ಕೊನೆಯಲ್ಲಿ ಕೊಟ್ಟದ್ದು, ಹೀಗೆ ಕೊಟ್ಟದ್ದಕ್ಕೆ ಬದಲು ಕೊಟ್ಟದ್ದು. ಚಂದದ ಕಾಗದ ಸುತ್ತಿದ ಪೆಟ್ಟಿಗೆಗಳು ಸೂರಿನ ತನಕ. ಕೊಟ್ಟವರ ಎದುರಿಗೆ ಬಿಚ್ಚುವುದು ಶುದ್ಧ ಒರಟುತನ. ಅವರು ಹೋದ ಮೇಲೆ ಬಿಚ್ಚಬಹುದು, ಆದರೆ ಯಾಕೆ ಬಿಚ್ಚಬೇಕು? ಒಳಗೆ ಟವೆಲ್ಲೇ ಇರುತ್ತದೆ. ಹಾಗೇ ಇಟ್ಟರೆ ನಾಳೆ ಯಾರಿಗಾದರೂ ಕೊಡಲು ಆಗುತ್ತದೆ. ಕೊಟ್ಟವರ ಹೆಸರು ಬರೆದ ಬಿಳಿ ಪಟ್ಟಿಯನ್ನು ಈ ಊರಲ್ಲಿ ಕಾಗದದ ಒಳಗೇ ಕಟ್ಟುತ್ತಾರೆ, ಹೊರಗೆ ಕಟ್ಟಿದರೆ ಹೆಸರು ಮೆರೆಸಿದಂತೆ ಎಂದು. ಹಾಗಾಗಿ ಮೇಲೊಂದು ಹೊಸ ಪಟ್ಟಿ, ಅದರ ಮೇಲೊಂದು ಹೊಸ ಕಾಗದ ಸುತ್ತಿದರೆ ಮುಗಿಯಿತು.

ಕುಸಾಕಾ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಎಲ್ಲದರಲ್ಲೂ ಟವೆಲ್ಲಿನ ಮೌನ. ಕೊನೆಗೆ ಮೂಲೆಯಲ್ಲಿ ನೀಲಿ ಅಲೆಗಳ ಕಾಗದದ ಒಂದು ಪೆಟ್ಟಿಗೆ ಸಿಕ್ಕಿತು. ಉಳಿದವಕ್ಕಿಂತ ದಪ್ಪ, ಉಳಿದವಕ್ಕಿಂತ ಭಾರ. ಯಾರು ಕೊಟ್ಟದ್ದೋ ನೆನಪಿಲ್ಲ. ಬಿಚ್ಚಿ ನೋಡಲೇ ಎಂದು ಉಗುರು ಟೇಪಿಗೆ ಹಾಕಿದವನು ಕೈ ಹಿಂದೆಗೆದ. ಬಿಚ್ಚಿದರೆ ಟವೆಲ್ ಎಂದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಕೊಟ್ಟರೆ ಅದು ಮೋಸ. ಗೊತ್ತಿಲ್ಲದೆ ಕೊಟ್ಟರೆ ಬರೀ ಆಸೆ. ಕುಸಾಕಾ ನ್ಯಾಯವಂತ, ಆಸೆಯ ಕಡೆ ನಿಂತ. ಅದರ ಮೇಲೆ ಅಂಗಡಿಯ ಒಳ್ಳೆಯ ಕಾಗದ ಸುತ್ತಿ, ಅದರ ಮೇಲೆ ನೇರಳೆ ರೇಷ್ಮೆಯ ಚೌಕ ಬಟ್ಟೆ ಕಟ್ಟಿ, ಎದೆಗವಚಿಕೊಂಡು ಹೊರಟ. ಬೀದಿ ತುದಿಯ ಪೊಲೀಸು ಅವನಿಗೆ ಸೆಲ್ಯೂಟು ಹೊಡೆದು ಹಿಂದೆ ಹಿಂದೆ ನಡೆದ.

ಬಿಸಿಯೂಟ ಬಳಗ ಇರುವುದು ಹಳೆಯ ಸ್ನಾನದಮನೆಯ ಕಟ್ಟಡದಲ್ಲಿ. ಬಾಗಿಲಿನ ಮೇಲೆ ಸುಮಿಯೆಯೇ ಕುಂಚ ಹಿಡಿದು ಬರೆದ ದೊಡ್ಡ ಬೋರ್ಡು. ಅವಳ ಅಕ್ಷರವೆಂದರೆ ಊರಿಗೆಲ್ಲ ಗುರುತು, ಬಾಲ ಎತ್ತಿದ ಕುದುರೆಗಳ ಹಾಗೆ ಒಂದೊಂದು ಅಕ್ಷರವೂ ನೆಗೆಯುತ್ತದೆ. ಒಳಗೆ ಅನ್ನದ ಹಬೆ, ಸುಟ್ಟ ಮೀನಿನ ವಾಸನೆ, ನೆಲದ ತುಂಬ ರೇಡಿಯೊದ ವೈರು. ಹಗಿವಾರಾ ನಡುವಿನಲ್ಲಿ ಕೂತಿದ್ದ. ಸೊನೊಬೆ ಹೊಸ ಕೈಗವಸು ಹಾಕಿಕೊಂಡಿದ್ದ. ತಾರುಮಿ ಹಿಂದಿನ ಸಾಲಿನಲ್ಲಿ ನಿಂತು ಕತ್ತು ಉದ್ದ ಮಾಡಿದ್ದ. ಸುಮಿಯೆ ಏಪ್ರನ್ನಿನಲ್ಲೇ ಬಂದು ಗಂಡನ ಪಕ್ಕ ನಿಂತಳು.

"ಒಂದು ವಿಷಯ," ಎಂದು ಯುಬಾರಾ ಎಲ್ಲರಿಗೂ ಪ್ರಸಾರಕ್ಕೆ ಮೊದಲೇ ಎಚ್ಚರ ಹೇಳಿದಳು. "ಏನಾದ್ರೂ ಮಾತಾಡ್ತಾ ಇರಿ. ಸ್ವಲ್ಪ ಹೊತ್ತು ಸದ್ದು ನಿಂತ್ರೆ ಸ್ಟೇಷನ್ನಿನ ಮೆಶಿನ್ನು ಏನೋ ಅನಾಹುತ ಆಯ್ತು ಅಂದ್ಕೊಂಡು ತಾನೇ ಪಿಯಾನೊ ಹಾಕ್ಬಿಡುತ್ತೆ."

ಹಗಿವಾರಾನ ಭಾಷಣ ಆಯಿತು. ಕುಸಾಕಾ ವಂಶದ ತಾತ ಮುತ್ತಾತಂದಿರು ಅದರಲ್ಲಿ ಯಾವ ಯಾವುದೋ ಯುದ್ಧಕ್ಕೆ ಹೋಗಿ ಬಂದರು. ಆಮೇಲೆ ಫೋನು ಶುರುವಾಯಿತು. ಮೊದಲು ಕರೆ ಮಾಡಿದ ಹೆಂಗಸು ಒಂದು ಮೊತ್ತ ಹೇಳಿ, "ಆದ್ರೂ ಒಳಗೇನಿದೆ ಅಂತ ನೋಡದೆ ಹೇಗಮ್ಮ ಕೂಗೋದು?" ಎಂದಳು.

"ಬಿಚ್ಚಿ!" ಎಂದು ಹಿಂದಿನಿಂದ ತಾರುಮಿ ಕೂಗಿದ. "ಬಿಚ್ಚಿ ತೋರಿಸ್ಲಿ! ಇದ್ರೆ ತಾನೇ ತೋರಿಸೋದು!"

"ಬೇಡ!" ಎಂದ ಕುಸಾಕಾ. "ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ. ಕೆಲಸಕ್ಕೆ ಬಾರದ್ದು ಅಂತ ಎಷ್ಟು ಸಲ ಹೇಳ್ಲಿ!"

ಸಭೆಯಲ್ಲಿ ಒಬ್ಬಿಬ್ಬರು ಮೂಗೊರೆಸಿಕೊಂಡರು. ಯುಬಾರಾ ರೇಷ್ಮೆಯ ಗಂಟು ಬಿಚ್ಚಿದಳು.

"ಕೇಳುಗರೇ, ನೇರಳೆ ರೇಷ್ಮೆ ಸರಿಯಿತು. ಒಳಗೆ ಕೆನೆಬಣ್ಣದ ಕಾಗದ. ಅದೂ ಸರಿಯಿತು. ಒಳಗೆ ನೀಲಿ ಅಲೆಗಳ ಕಾಗದ! ಎಷ್ಟು ಜೋಪಾನ ಮಾಡಿದಾರೆ ನೋಡಿ. ಸೊನೊಬೆ ಅವ್ರು ಅಂಚು ಎತ್ತುತ್ತಿದಾರೆ. ಒಳಗೆ ಒಂದು ಬಿಳಿ ಪಟ್ಟಿ ಇದೆ. ಏನೋ ಬರೆದಿದೆ! ತಾತನವರ ಬರಹಾನೇ ಇರಬೇಕು! ಓದ್ತೀನಿ. 'ವರ್ಷಾಂತ್ಯದ ವಂದನೆಗಳು. ತಾರುಮಿ ಒಣಮೀನು ಅಂಗಡಿ.'"

ಸಭೆ ಗಪ್‌ಚಿಪ್ಪಾಯಿತು. ಮೂಲೆಯ ಸ್ಪೀಕರಿನಿಂದ ಮೆಲ್ಲಗೆ ಪಿಯಾನೊ ಹೊರಟಿತು.

ಸುಮಿಯೆ ಗಂಡನ ಕಡೆ ನಿಧಾನಕ್ಕೆ ತಿರುಗಿದಳು. "ನಿಮ್ಮ ತಾತನ ಹೆಸರು ತಾರುಮಿನಾ?"

ಕುಸಾಕಾ ರೇಷ್ಮೆಯ ಬಟ್ಟೆಯನ್ನು ಮಡಚತೊಡಗಿದ. ಹೇಳಬೇಕಾದ ನಿಜವನ್ನೆಲ್ಲ ಮೂರು ದಿನದಿಂದ ಹೇಳಿ ಮುಗಿಸಿದ್ದ.

"ಮೋಸಗಾರ!" ಎಂದು ತಾರುಮಿ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ನಾನು ಪ್ರೀತಿಯಿಂದ ಕೊಟ್ಟಿದ್ದನ್ನ ತಾತನ ಕಾಲದ್ದು ಅಂತ ಹರಾಜಿಗಿಟ್ಟಿದೀಯಾ? ಪೇಟೆಯಿಂದ ಆರಿಸಿ ಆರಿಸಿ ತಂದಿದ್ದೆ ಕಣೋ! ಬಿಚ್ಚಿ ತಾಯಿ, ಎಂಥ ಒಳ್ಳೆ ಸಾಮಾನು ಕೊಟ್ಟಿದ್ದೆ ಅಂತ ಊರು ನೋಡ್ಲಿ!" ಎಂದವನೇ ಪಟ್ಟಿಯನ್ನು ತಾನೇ ಕಿತ್ತ. ಕೆಳಗೆ ಹಸಿರು ಕಾಗದ. ಅದನ್ನೂ ಕಿತ್ತ. ಕೆಳಗೆ ಇನ್ನೊಂದು ಬಿಳಿ ಪಟ್ಟಿ.

ಯುಬಾರಾಳಿಗೆ ಪಿಯಾನೊದ ಭಯ. ಕಣ್ಣಿಗೆ ಬಿದ್ದದ್ದನ್ನು ಗಟ್ಟಿಯಾಗಿ ಓದಿಬಿಟ್ಟಳು. "'ಅಂಗಡಿ ಹೊಸದು ಮಾಡಿದ ಸಂತೋಷಕ್ಕೆ. ಬೀದಿ ಸಂಘದ ಅಧ್ಯಕ್ಷ ಹಗಿವಾರಾ.'"

ತಾರುಮಿಯ ಬಾಯಿ ಹಾಗೇ ತೆರೆದಿತ್ತು, ಅವನಂಗಡಿಯ ಮೀನುಗಳ ಹಾಗೆ. ಪೇಟೆಯಿಂದ ಆರಿಸಿ ತಂದವನನ್ನು ನೋಡಿ ಜನ ನಗಲು ಶುರುಮಾಡಿದರು. ನಗುತ್ತಲೇ ಒಬ್ಬೊಬ್ಬರಾಗಿ ಹಗಿವಾರಾನ ಕಡೆ ತಿರುಗಿದರು. ಜೀವಮಾನದಲ್ಲಿ ಮೊದಲ ಸಲ ಹಗಿವಾರಾ ನಡುವಿನಿಂದ ಅಂಚಿಗೆ ಸರಿಯಲು ನೋಡಿದ. ಜಾಗ ಇರಲಿಲ್ಲ.

"ಇದ್ರಲ್ಲಿ ನಗೋದೇನಿದೆ?" ಎಂದು ಗುಡುಗಿದ. "ನಾನು ಕೊಟ್ಟಿದ್ದು ಹೊಸದೇ! ಅದರ ಕೆಳಗೆ ಏನೂ ಇಲ್ಲ. ಬಿಚ್ಚಿ! ನಾನು ಹೆದರ್ತೀನಾ?"

ಹೆದರದವನ ಮಾತಿಗೆ ಬೆಲೆ ಕೊಟ್ಟು ಸೊನೊಬೆ ಮುಂದಿನ ಕಾಗದ ಎತ್ತಿದ. ಗುಲಾಬಿ ಬಣ್ಣದ್ದು. ಕೆಳಗೆ ಮತ್ತೊಂದು ಬಿಳಿ ಪಟ್ಟಿ. ಅದರ ಮೇಲೆ ಕಪ್ಪು ಶಾಯಿಯಲ್ಲಿ ಬಾಲ ಎತ್ತಿದ ಕುದುರೆಗಳು.

ಸಭೆಯ ಕಣ್ಣುಗಳೆಲ್ಲ ಪಟ್ಟಿಯಿಂದ ಎದ್ದು ಬಾಗಿಲಿನ ಬೋರ್ಡಿಗೆ ಹೋದವು, ಬೋರ್ಡಿನಿಂದ ಇಳಿದು ಸುಮಿಯೆಯ ಮೇಲೆ ಬಂದು ಕೂತವು.

"'ಅಧ್ಯಕ್ಷ ಪದವಿಗೆ ಹೃತ್ಪೂರ್ವಕ ಅಭಿನಂದನೆ,'" ಎಂದು ಯುಬಾರಾ ಸಣ್ಣ ದನಿಯಲ್ಲಿ ಓದಿದಳು. "'ಕುಸಾಕಾ ಹಾಸಿಗೆ ಅಂಗಡಿ.'"

ಪಿಯಾನೊ ಮತ್ತೆ ಬಂತು. ಈ ಸಲ ಯಾರೂ ಅದನ್ನು ತಡೆಯಲಿಲ್ಲ, ಒಂದು ಚರಣ ಪೂರ್ತಿ ಆಯಿತು. ಸುಮಿಯೆಯ ಮುಖ ಉಪ್ಪು ಹಾಕಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಇಷ್ಟು ಹೊತ್ತು ಅವಳು ಗಂಡನನ್ನು ನೋಡುತ್ತಿದ್ದ ನೋಟ ಎಲ್ಲಿ ಇಡಬೇಕೆಂದು ತಿಳಿಯದೆ ನೆಲಕ್ಕೆ ಇಳಿಯಿತು.

ಕುಸಾಕಾನಿಗೆ ಅದನ್ನು ಕಂಡು ಏನಾಯಿತೋ. ಮೂರು ದಿನದಿಂದ ನಿಜ ಹೇಳಿ ಹೇಳಿ ಬರೀ ನಮಸ್ಕಾರ ಗಿಟ್ಟಿಸಿಕೊಂಡವನ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಯುಬಾರಾಳ ಕೈಯಿಂದ ಮೈಕು ಕಸಿದುಕೊಂಡ.

"ಕಸ ಅಂತ ಹೇಳಲಿಲ್ವೇನ್ರೀ ನಾನು? ಹೇಳ್ದೆ! ಯಾರು ಕೇಳಿದ್ರಿ? ನಾನು ಸುಳ್ಳು ಹೇಳಿದ್ದು ಒಂದೇ ಸಲ, ಅದನ್ನ ಮಾತ್ರ ನಂಬಿದ್ರಿ! ನಮ್ಮ ಮನೆ ಕಸ ಇವರ ಮನೆಗೆ, ಇವರ ಮನೆ ಕಸ ಅವರ ಮನೆಗೆ, ವಾಪಸ್ ಮತ್ತೆ ನಮ್ಮನೆಗೆ! ಇದರ ಕೆಳಗೆ ಇನ್ನೂ ಇದೆ, ನೋಡಿ, ಹಳದಿ ಕಾಗದ. ಅದರೊಳಗೆ ಯಾರಿದೀರೋ, ನಿಮ್ಮ ತಾತನ ಆಣೆ, ಬಿಚ್ಚೇ ಬಿಚ್ತೀನಿ!" ಎಂದು ಟೇಪಿಗೆ ಉಗುರು ಹಾಕಿದ.

ಟ್ರಿಣ್ ಎಂದು ಫೋನು ಹೊಡೆದುಕೊಂಡಿತು.

"ಬಿಚ್ಚಬೇಡಿ," ಎಂದು ಬಾಯಿಗೆ ಬಟ್ಟೆ ಅಡ್ಡ ಹಿಡಿದ ಹಾಗಿದ್ದ ಒಂದು ದನಿ ಪಿಸುಗುಟ್ಟಿತು. "ನಾನು ಅದನ್ನ ಹಾಗೇ ತಗೋತೀನಿ. ಆಗಲೇ ಕೂಗಿದ್ದರ ಎರಡರಷ್ಟು ಕೊಡ್ತೀನಿ."

"ನಿಮ್ಮ ಹೆಸರು?" ಎಂದಳು ಯುಬಾರಾ.

"ಹೆಸರು ಯಾಕಮ್ಮಾ ಬೇಕು? ಹೆಸರು ಬೇಡ ಅಂತಲೇ ಅಲ್ವಾ ಕೊಡ್ತಿರೋದು!"

ಅದನ್ನು ಇಡುವ ಮೊದಲೇ ಇನ್ನೊಂದು. "ಕ್ಷಮಿಸಿ, ಹಳದಿ ಕಾಗದ ಅಂದ್ರಲ್ಲ, ಅದರಲ್ಲಿ ಬಿದಿರಿನ ಚಿತ್ರ ಇದೆಯಾ? ನಾನೇನು ಹಲ್ಲಿನ ಡಾಕ್ಟರಲ್ಲ, ಸುಮ್ನೆ ಕೇಳ್ದೆ. ಇದ್ರೂ ಕೊಡ್ತೀನಿ, ಇಲ್ದಿದ್ರೂ ಕೊಡ್ತೀನಿ."

ಸೊನೊಬೆಯ ಕೈಗವಸು ಬೆವರಿನಿಂದ ಒದ್ದೆಯಾಗಿತ್ತು. ಈ ಊರಿಗೆ ವರ್ಗವಾಗಿ ಬಂದ ಹೊಸತರಲ್ಲಿ ಅವನೂ ನೆರೆಮನೆಗಳಿಗೆಲ್ಲ ಪೆಟ್ಟಿಗೆ ಹಂಚಿದ್ದ. "ಸಂಸ್ಕೃತಿ ವಿಭಾಗದ ದೃಷ್ಟಿಯಿಂದ ಇಂಥ ವಸ್ತುಗಳನ್ನ ಬಿಚ್ಚದೆ ಉಳಿಸೋದೇ ಕ್ರಮ," ಎಂದು ಗಂಟಲು ಸರಿಮಾಡಿಕೊಂಡ. "ನಂದೂ ಸ್ವಲ್ಪ ಬರ್ಕೊಳ್ಳಿ. ಸ್ವಂತ ಸಂಬಳದ್ದು."

ಆಗ ಸುಮಿಯೆ ತಲೆ ಎತ್ತಿದಳು. ಗುಡ್ಡದ ತಿರುವಿನಲ್ಲಿ ಗೇರು ಬದಲಿಸುವಾಗಿನ ಮುಖ ಅದು, ಬಳಗದ ಹೆಂಗಸರಿಗೆ ಗೊತ್ತು. ಗಂಡನ ಕೈಯಿಂದ ಮೈಕು ತೆಗೆದುಕೊಂಡು, ತುಂಬ ಮರ್ಯಾದೆಯ ದನಿಯಲ್ಲಿ ಹೇಳಿದಳು:

"ಕೇಳುಗರೇ, ಪೆಟ್ಟಿಗೆ ಯಾರೊಬ್ಬರಿಗೂ ಕೊಡಲ್ಲ. ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಕೊಡಿ, ಎಲ್ಲ ವ್ಯಾನಿಗೆ. ವ್ಯಾನಿಗೆ ಸಾಕಾದ ಕ್ಷಣ ಬಿಚ್ಚೋದು ನಿಲ್ಲುತ್ತೆ. ಅಲ್ಲೀತನಕ ನಮ್ಮ ಯಜಮಾನರ ಬೆರಳು ಟೇಪಿನ ಮೇಲೇ ಇರುತ್ತೆ. ಅವರು ತುಂಬಾ ಸಿಟ್ಟಲ್ಲಿದಾರೆ."

ಯುಬಾರಾಳಿಗೆ ತನ್ನ ಕಸುಬು ಎಂದರೆ ಏನೆಂಬುದು ಅವತ್ತು ಪೂರ್ತಿ ಅರ್ಥವಾಯಿತು. ಕುಸ್ತಿಯ ಕಾಮೆಂಟರಿ ಹೇಳುವವಳ ಹಾಗೆ ಮೇಜಿನ ಮೇಲೆ ಬಗ್ಗಿದಳು. "ಬೆರಳು ಟೇಪಿನ ಮೇಲಿದೆ ಕೇಳುಗರೇ! ಉಗುರು ಅಂಚಿಗೆ ಸಿಕ್ಕಿದೆ! ಮೂಲೆ ಎದ್ದಿದೆ! ಹೆಚ್ಚೇನಿಲ್ಲ, ಒಂದು ಅಕ್ಕಿಕಾಳಿನಷ್ಟು! ಫೋನು ಬಂತು, ಬೆರಳು ನಿಂತಿದೆ. ದೇವಸ್ಥಾನದ ಹತ್ತಿರದಿಂದ ಒಬ್ಬ ಹಿರಿಯರು, ಹೆಸರು ಬೇಡ ಅಂತಾರೆ, ಧನ್ಯವಾದ! ಬೆರಳು ಮತ್ತೆ ಹೊರಟಿತು! ಅಯ್ಯೋ, ಕಾಗದ ಚರ್ರೆಂದಿತು, ಕೇಳಿಸ್ತಾ? ಒಳಗೆ ಬಿಳೀದು ಕಾಣ್ತಿದೆ! ಒಂದು ಅಕ್ಷರದ ತುದಿ ಕಾಣ್ತಿದೆ!"

ಆ ತುದಿ ಯಾವ ಅಕ್ಷರದ್ದು ಎಂದು ಅವಳು ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು, ಊರಿನಲ್ಲಿ ಪ್ರತಿಯೊಬ್ಬನೂ ಅದು ತನ್ನದೇ ಎಂದುಕೊಂಡ. ಪೆಟ್ಟಿಗೆ ದಾಟಿಸದವನು ಊರಲ್ಲಿ ಒಬ್ಬನೂ ಇರಲಿಲ್ಲ. ಡಬ್ಬಿ ಮೀನಿನ ಕಾರ್ಖಾನೆಯವರು ಪುಡಿಗಾಸನ್ನು ವಾಪಸು ತಂದರು. ಹೆಂಚಿನವರು ಫೋನು ಸಿಗದೆ ಓಡಿಯೇ ಬಂದರು. ಹೊರಗೆ ಕಾವಲಿದ್ದ ಪೊಲೀಸು ಟೋಪಿ ತೆಗೆದು ಒಳಗೆ ಬಂದು, ತನಗೂ ಕಳೆದ ವರ್ಷ ಮದುವೆಯಾಯಿತು ಎಂದಷ್ಟೇ ಹೇಳಿ ಜೇಬಿಗೆ ಕೈ ಹಾಕಿದ. ಹಗಿವಾರಾ ಒಂದು ದೊಡ್ಡ ಮೊತ್ತ ಹೇಳಿ, ತನ್ನ ಹೆಸರನ್ನು ಎರಡು ಸಲ ಓದಬೇಕೆಂದ. ಸುಮಿಯೆ ಓದಿಸಿದಳು. ತಾರುಮಿ ಕತ್ತಿಮೀನಿನ ಮೂತಿಯನ್ನು ಹೆಗಲ ಮೇಲೆ ಹೊತ್ತು ತಂದ.

ಹಳದಿ ಕಾಗದ ಅರ್ಧ ಹರಿದು ನಿಂತಿತು. ವ್ಯಾನು ಬಂತು.

ಆ ಪೆಟ್ಟಿಗೆಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ನಿಲ್ಲಿಸಿದಾಗ ವ್ಯಾನು ಹಿಂದೆ ಜಾರದಂತೆ ಅದನ್ನೇ ಗಾಲಿಗೆ ಅಡ್ಡ ಇಡುತ್ತಾರೆ. ಅಷ್ಟು ಕಾಗದ ಸುತ್ತಿದ್ದಕ್ಕೆ ಗಟ್ಟಿಯಾಗಿದೆ.

ಕುಸಾಕಾನಿಗೆ ಹೆಂಡತಿ ಶಿಕ್ಷೆ ಕೊಡಲಿಲ್ಲ, ಕೊಡುವ ಮುಖ ಅವಳಿಗೂ ಇರಲಿಲ್ಲ. ಆದರೆ ಸಂಜೆಯಾಗುತ್ತಲೇ ವ್ಯಾನಿನ ಬಾಗಿಲು ತೆಗೆದು "ಹತ್ತಿ" ಎನ್ನುತ್ತಿದ್ದಳು. ಅವನು ಹತ್ತುತ್ತಿದ್ದ. ಅವಳು ಸ್ಟೀರಿಂಗ್ ಬಿಡುವುದಿಲ್ಲ, ಮನೆ ಮನೆಗೆ ಡಬ್ಬಿ ಹೊತ್ತು ಹತ್ತಿಳಿಯುವುದು ಅವನು. ಇದರ ಮೇಲೆ ಬಳಗದವರು ರೇಡಿಯೊದಲ್ಲಿ ಇನ್ನೊಂದು ಕೂಗು ಹಾಕಿದ್ದರು. ಬೀರುಗಳಲ್ಲಿರುವುದನ್ನೆಲ್ಲ ಬಿಚ್ಚಿ ಕೊಡಿ, ಗುಡ್ಡದ ಮುದುಕರಿಗೆ ಟವೆಲ್ ಬೇಕು ಎಂದು. ನಾಚಿಕೊಂಡ ಊರು ರಾಶಿ ರಾಶಿ ಕೊಟ್ಟಿತ್ತು.

ಮೊದಲ ಹಿಮ ಬಿದ್ದ ಸಂಜೆ ಕುಸಾಕಾ ಗುಡ್ಡದ ತುದಿಯ ಮನೆಯ ಹಾತ್ಸು ಅಜ್ಜಿಗೆ ಬಿಸಿ ಡಬ್ಬಿಯನ್ನೂ ಎರಡು ಹೊಸ ಟವೆಲನ್ನೂ ಕೊಟ್ಟ. ಅಜ್ಜಿ ಟವೆಲನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು.

"ಎಷ್ಟು ಮೆತ್ತಗಿದೆಯಪ್ಪಾ! ಇಷ್ಟು ಒಳ್ಳೇದನ್ನ ಮೈ ಒರೆಸ್ಕೊಳ್ಳೋಕಾಗುತ್ತಾ? ಯಾರಿಗಾದ್ರೂ ಕೊಡೋಕಾಗುತ್ತೆ," ಎಂದು ಅವನ್ನು ಮಡಿಚಿ ಒಳಗೆ ಒಯ್ದಳು. ಬೀರಿನ ಬಾಗಿಲು ಸರಿದ ಸದ್ದಾಯಿತು. ವಾಪಸು ಬರುವಾಗ ಅವಳ ಕೈಯಲ್ಲಿ ಚಂದದ ಕಾಗದ ಸುತ್ತಿದ ಒಂದು ಪೆಟ್ಟಿಗೆ. "ಹಿಮದಲ್ಲಿ ಬಂದಿದೀಯ. ಬರಿಗೈಲಿ ಕಳಿಸಿದ್ರೆ ನನಗೆ ನಿದ್ದೆ ಬರುತ್ತಾ? ಕೆಲಸಕ್ಕೆ ಬಾರದ್ದು, ತಗೋಪ್ಪ."

ಕುಸಾಕಾ ಪೆಟ್ಟಿಗೆಯನ್ನು ನೋಡಿದ. ಕೆಳಗೆ ವ್ಯಾನಿನಿಂದ ಸುಮಿಯೆ ಹಾರ್ನ್ ಹೊಡೆದಳು. ಅವನ ಹಣೆಯ ನರ ಎದ್ದಿತು.

"ಬೇಡಜ್ಜಿ. ಅಲ್ಲ, ಬೇಕು. ತಗೋತೀನಿ. ಆದ್ರೆ ಇಲ್ಲೇ ಬಿಚ್ತೀನಿ!" ಎಂದವನೇ ಹೊಸ್ತಿಲ ಮೇಲೆ, ಕೊಟ್ಟವಳ ಕಣ್ಣೆದುರಿಗೇ, ಪೆಟ್ಟಿಗೆಯ ಕಾಗದವನ್ನು ಪರಪರ ಹರಿದ.

"ಅಯ್ಯಯ್ಯೋ!" ಎಂದು ಅಜ್ಜಿ ಎದೆಗೆ ಕೈ ಇಟ್ಟುಕೊಂಡಳು. "ನನ್ನೆದುರಿಗೇ ಬಿಚ್ತೀಯಲ್ಲೋ! ಯಾವ ಮನೆ ಹುಟ್ಟೋ ನಿಂದು? ನಿಮ್ಮಮ್ಮ ನಿನಗೆ ಒಂದು ಒಳ್ಳೆ ಮಾತೂ ಕಲಿಸ್ಲಿಲ್ವಾ?"

ಮುಚ್ಚಳ ತೆರೆಯಿತು. ಒಳಗೆ, ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತ, ಸಾಲಾಗಿ ಕೂತಿದ್ದವು ಕೆಂಪುಕಾಳಿನ ಹಲ್ವದ ದಪ್ಪ ದಪ್ಪ ಗಟ್ಟಿಗಳು. ಪೇಟೆಯ ದೊಡ್ಡ ಅಂಗಡಿಯವು.

ಕುಸಾಕಾ ಅಜ್ಜಿಯನ್ನು ನೋಡಿದ. ಅಜ್ಜಿ ಹಲ್ವವನ್ನು ನೋಡಿದಳು.

"ಹಲ್ವಾನಾ!" ಎಂದು ಅಜ್ಜಿ ಕಿರುಚಿದಳು. "ಟವೆಲ್ ಅಂದ್ಕೊಂಡಿದ್ನಲ್ಲೋ! ವರ್ಷದಿಂದ ಬೀರಲ್ಲಿತ್ತಲ್ಲೋ! ಕೊಡಿಲ್ಲಿ!"

ಪೆಟ್ಟಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡು ಸೊಂಟಕ್ಕೆ ಅವಚಿಕೊಂಡಳು. ಬಾಗಿಲು ಅರ್ಧ ಎಳೆದುಕೊಂಡವಳು ನಿಂತಳು. ಏನೋ ಯೋಚಿಸಿದಳು. ಒಂದು ತುಂಡು ಮುರಿದು ಅವನ ಬಾಯಿಗೆ ತುರುಕಿದಳು.

"ಹೋಗು," ಎಂದಳು. "ಬೀರಲ್ಲಿ ಇನ್ನೂ ಒಂಬತ್ತೋ ಹತ್ತೋ ಇವೆ. ನಾಳೆ ಊಟ ತಂದ್ಮೇಲೆ ಕೂತ್ಕೊಂಡು ಎಲ್ಲ ಬಿಚ್ಚಿ ಹೋಗು. ನಿನ್ನ ಹೆಂಡತೀನೂ ಕರ್ಕೊಂಡ್ ಬಾ."